ಎರಡನೇ ಮೈಲಿಗಲ್ಲು

ಮೈಸೂರಿನಿಂದ ಹೊರಡುವ ರಸ್ತೆಗಳಲ್ಲಿ ನಮ್ಮದೇ ಬಡಪಾಯಿ. ಬೆಂಗಳೂರು ರಸ್ತೆಗೆ ದೊಡ್ಡ ಊರಿಗೆ ಹೋಗುತ್ತೇನೆಂಬ ಜಂಬ, ಊಟಿ ರಸ್ತೆಗೆ ದೊರೆಗಳ ಮೋಟಾರುಗಳನ್ನು ಹೊತ್ತ ಜಂಬ. ನಮ್ಮ ನರಸೀಪುರದ ರಸ್ತೆಗೆ ಅಂಥದ್ದೇನೂ ಇಲ್ಲ. ಅದು ನಜರ್‌ಬಾದಿನ ಕುದುರೆಲದ್ದಿಯ ವಾಸನೆಯಲ್ಲಿ ಎದ್ದು, ಚಾಮುಂಡಿಬೆಟ್ಟವನ್ನು ಬಲಕ್ಕೆ ಬಿಟ್ಟು, ದಿಣ್ಣೆಯ ಮೇಲಿನ ಬಿಳಿಯ ಅರಮನೆಗೆ ದೂರದಿಂದಲೇ ಕೈಮುಗಿದು, ವರುಣದ ಕೆರೆಯಲ್ಲಿ ಮುಖ ತೊಳೆದು, ರಾಗಿಹೊಲಗಳನ್ನೂ ಆಮೇಲೆ ಭತ್ತದ ಗದ್ದೆಗಳನ್ನೂ ಹಾದು, ಕಪಿಲೆ ಕಣ್ಣಿಗೆ ಬೀಳುವ ಹೊತ್ತಿಗೆ ಏದುಸಿರು ಬಿಡುತ್ತಿರುತ್ತದೆ. ಎಲ್ಲ ಸೇರಿಸಿದರೂ ಇಪ್ಪತ್ತು ಮೈಲಿಯ ಆಸುಪಾಸು. ಹೊಳೆಯಾಚೆಗೂ ರಸ್ತೆ ಇದೆಯೆಂದು ಭೂಪಟ ಹೇಳುತ್ತದೆ. ಹೇಳಲಿ. ನನ್ನ ಪಾಲಿಗೆ ಅದು ಹನ್ನೆರಡನೇ ಮೈಲಿಗೇ ಮುಗಿಯುತ್ತಿತ್ತು. ಅಕ್ಕನ ಗಂಡನ ಮನೆ ಅಲ್ಲಿತ್ತು.

ಈ ರಸ್ತೆಯನ್ನು ನಾನು ಬಾಯಲ್ಲೇ ಓಡಿಸಿ ತೋರಿಸಬಲ್ಲೆ. ಸ್ವಾತಂತ್ರ್ಯ ಬಂದ ವರ್ಷ ನಾನಿನ್ನೂ ಸ್ಲೇಟು ನೆಕ್ಕಿ ಅಳಿಸುವ ಹುಡುಗ. ಆಗ ಇದ್ದಿಲ ಹೊಗೆಯಿಂದ ಓಡುವ ಬಸ್ಸು, ಹಿಂದುಗಡೆ ಒಂದು ಒಲೆ ಕಟ್ಟಿಕೊಂಡು, ಹೊರಡುವ ಮುಂಚೆ ನಮ್ಮ ಬೀದಿಯ ಮುದುಕರಂತೆ ಕೆಮ್ಮಿ ಕ್ಯಾಕರಿಸುತ್ತಿತ್ತು. ದಿಣ್ಣೆ ಹತ್ತುವಾಗ ಅರ್ಧ ಜನ ಇಳಿದು ತಳ್ಳಬೇಕು; ಇಳಿಯದ ಅರ್ಧ ಜನ ಒಳಗಿನಿಂದಲೇ "ತಳ್ರಪ್ಪಾ, ತಳ್ರಪ್ಪಾ" ಎಂದು ಕಷ್ಟಪಡುತ್ತಿದ್ದರು. ಆ ಕೆಮ್ಮು ನಾನು ಕಲಿತ ಮೊದಲ ಅಣಕ. ಎರಡನೆಯದು ಕಂಡಕ್ಟರದು, ಮೂರನೆಯದು ನಮ್ಮ ಮೇಷ್ಟ್ರದು. ಮೂರನೆಯದಕ್ಕೆ ಬೆತ್ತದ ಏಟು ಬಿತ್ತು, ಅದರಿಂದಲೇ ಅದು ಚೆನ್ನಾಗಿದೆಯೆಂದು ನನಗೆ ಖಾತ್ರಿಯಾಯಿತು. ಬರಬರುತ್ತ ಬೀದಿಯ ಎಲ್ಲರ ದನಿಯೂ ನನ್ನ ಗಂಟಲಲ್ಲಿ ಬಿಟ್ಟಿಯಾಗಿ ಬಿಡಾರ ಹೂಡಿತು. ನನ್ನದೇ ದನಿ ಯಾವುದು ಎಂದು ಕೇಳಿದರೆ ಮಾತ್ರ ಹೇಳುವುದು ಕಷ್ಟ. "ಇವನ್ ಬಾಯಲ್ಲಿ ಊರೋರೆಲ್ಲ ಅವ್ರೆ, ಇವನೊಬ್ಬ ಇಲ್ಲ" ಎನ್ನುತ್ತಿದ್ದಳು ನಮ್ಮವ್ವ.

ಅಪ್ಪನದು ಜಟಕಾಗಾಡಿ. ನಜರ್‌ಬಾದಿನಲ್ಲಿ ಮನೆ, ಮನೆಯ ಪಕ್ಕದಲ್ಲೇ ಕುದುರೆಯ ಕೊಟ್ಟಿಗೆ. ಅಪ್ಪ ಕುದುರೆಯ ಜೊತೆ ಬಹುವಚನದಲ್ಲೂ ನಮ್ಮ ಜೊತೆ ಏಕವಚನದಲ್ಲೂ ಮಾತಾಡುತ್ತಿದ್ದ. ನನಗಿಂತ ಒಂದೂವರೆ ವರ್ಷ ದೊಡ್ಡವಳು ಅಕ್ಕ. ಅವಳ ದನಿ ಹೇಗಿತ್ತೆಂದು ಬರೆದು ತಿಳಿಸುವುದಕ್ಕಾಗುವುದಿಲ್ಲ, ಮಾಡಿಯೇ ತೋರಿಸಬೇಕು. ಹೊರಗಿನಿಂದ ಬಂದವಳು ಹೊಸ್ತಿಲಲ್ಲೇ ನಿಂತು "ಅವ್ವಾ" ಎಂದು ಕರೆಯುತ್ತಿದ್ದಳು. ಕೊನೆಯ ಆ ಎಳೆತ ಅಡಿಗೆಮನೆಯ ತನಕ ಹೋಗಿ, ಅಲ್ಲಿಂದ ಅವ್ವನ "ಬಂದೇ ಕಣಮ್ಮಿ" ಎಂಬುದನ್ನು ಕೈಹಿಡಿದು ಕರೆತರುತ್ತಿತ್ತು. ಏನೂ ಕೆಲಸವಿರುತ್ತಿರಲಿಲ್ಲ. ಬಂದಿದ್ದೇನೆ ಎಂದು ಹೇಳುವುದಕ್ಕೆ ಕರೆಯುತ್ತಿದ್ದಳು, ಅಷ್ಟೆ.

ಕನ್ನಡನಾಡೆಲ್ಲ ಒಂದಾಗುವುದಕ್ಕೆ ಮುಂಚಿನ ಬೇಸಿಗೆಯಲ್ಲಿ ಅವಳ ಮದುವೆಯಾಯಿತು. ನಾಡು ಒಂದಾಯಿತು, ಬೀಗರು ಎರಡಾದರು. ಆದದ್ದು ಹೀಗೆ.

ಗಂಡಿನ ಕಡೆಯವರು ಬಂದರೆ ಹೆಣ್ಣಿನ ಕಡೆಯವರು ಊರಾಚೆ ಹೋಗಿ, ಓಲಗ ಊದಿಸಿ, ಕಾಲಿಗೆ ನೀರು ಕೊಟ್ಟು, ಪಾನಕ ಕುಡಿಸಿ ಎದುರುಗೊಳ್ಳಬೇಕು. ಇದು ಎರಡೂ ಕಡೆಯವರಿಗೆ ಚೆನ್ನಾಗಿ ಗೊತ್ತಿತ್ತು. ಊರಾಚೆ ಎಂದರೆ ಎಲ್ಲಿ ಎಂಬುದೂ ಎರಡೂ ಕಡೆಯವರಿಗೆ ಚೆನ್ನಾಗಿ ಗೊತ್ತಿತ್ತು. ಹೀಗಾಗಿ ಒಬ್ಬರನ್ನೊಬ್ಬರು ಕೇಳುವ ಗೋಜಿಗೇ ಹೋಗಲಿಲ್ಲ. ನಮ್ಮ ಜಟಕಾ ಜನಕ್ಕೆ ಊರು ಮುಗಿಯುವುದು ಸುಂಕದ ಕಟ್ಟೆಯ ಹತ್ತಿರ. ಸರಕಿನ ಗಾಡಿಗಳನ್ನು ತಡೆದು ಸುಂಕ ವಸೂಲಿ ಮಾಡುವ ಜಾಗ ಅದು, ಅದರಾಚೆ ಮೈಸೂರಲ್ಲ. ಅಕ್ಕನ ಮಾವನ ಊರಿನವರಿಗೋ ಮೈಸೂರು ಎಂದರೆ ಎರಡನೇ ಮೈಲಿಗಲ್ಲು. ಅವರ ತಾತಂದಿರ ಕಾಲದಿಂದ ದಿಬ್ಬಣದ ಗಾಡಿಗಳು ಆ ಕಲ್ಲಿನ ಪಕ್ಕದ ಹುಣಸೆಮರದಡಿ ಎತ್ತು ಬಿಚ್ಚಿ, ಮುಖ ತೊಳೆದು, ರುಮಾಲು ಸುತ್ತಿಕೊಂಡು, ಹೆಣ್ಣಿನ ಕಡೆಯವರು ಬರಲಿ ಎಂದು ಕೂರುವುದು. ಕಟ್ಟೆಗೂ ಆ ಕಲ್ಲಿಗೂ ನಡುವೆ ಒಂದು ಮೈಲಿ.

ಬೆಳಿಗ್ಗೆ ನಾವು ಸುಂಕದ ಕಟ್ಟೆಯ ಹತ್ತಿರ ಪಾನಕದ ಕೊಳಗ ಇಟ್ಟುಕೊಂಡು ನಿಂತೆವು. ಅವರು ಎರಡನೇ ಮೈಲಿಗಲ್ಲಿನ ಹತ್ತಿರ ರುಮಾಲು ಸುತ್ತಿಕೊಂಡು ಕೂತರು. ನಾವು ಓಲಗ ಊದಿಸಿದೆವು. ಗಾಳಿ ಆ ಕಡೆಯಿಂದ ಬೀಸಿದಾಗ ಅವರ ಓಲಗವೂ ಸಣ್ಣಗೆ ಕೇಳಿಸುತ್ತಿತ್ತು.

"ಯಾರ್ದೋ ಮದುವೆ ಇರ್ಬೇಕು ಕಣೋ ಆ ಕಡೆ" ಎಂದ ಅಪ್ಪ.

"ಚೆನ್ನಾಗ್ ಊದ್ತಾವ್ರೆ" ಎಂದು ನಮ್ಮ ಓಲಗದವನು ಹೊಟ್ಟೆಕಿಚ್ಚುಪಟ್ಟ.

ಅತ್ತ ಅವರೂ ಇದನ್ನೇ ಹೇಳಿಕೊಂಡರೆಂದು ಆಮೇಲೆ ಅಕ್ಕನಿಂದ ತಿಳಿಯಿತು. ಬಿಸಿಲು ಏರಿತು. ಪಾನಕ ಬಿಸಿಯಾಯಿತು. ಬರುತ್ತಿಲ್ಲವಲ್ಲ, ಎಷ್ಟು ಕೊಬ್ಬು ಎಂದು ನಾವು. ಎದುರುಗೊಳ್ಳುತ್ತಿಲ್ಲವಲ್ಲ, ಎಷ್ಟು ಕೊಬ್ಬು ಎಂದು ಅವರು. ಮುಹೂರ್ತ ಮೀರುತ್ತದೆಂದು ಅವರ ಪುರೋಹಿತರು ಎದ್ದು ಗಾಡಿ ಕಟ್ಟಿಸಿದ್ದರಿಂದ ಮದುವೆ ಉಳಿಯಿತು. ಕಟ್ಟೆಯ ಹತ್ತಿರ ಗಾಡಿ ನಿಂತಾಗ ಅಕ್ಕನ ಮಾವ ಇಳಿಯಲೇ ಇಲ್ಲ.

"ಎದುರುಗೊಳ್ಳಾಕ್ ಬಂದೀರೋ, ಸುಂಕ ಎತ್ತಾಕ್ ಬಂದೀರೋ?" ಎಂದರು ಮೇಲಿನಿಂದಲೇ.

"ನೀವ್ ಬಂದಿದ್ ಮದುವ್ಗೋ, ಮೈಲಿಗಲ್ ಕಾಯಾಕೋ?" ಎಂದ ಅಪ್ಪ ಕೆಳಗಿನಿಂದ.

ತಾಳಿಯೇನೋ ಕಟ್ಟಿಸಿದರು. ಆದರೆ ಮಾರನೆಯ ದಿನ ಅಕ್ಕನನ್ನು ಗಾಡಿ ಹತ್ತಿಸುವಾಗ ಆ ಮನುಷ್ಯ ಎಲ್ಲರ ಎದುರಿಗೆ ಹೇಳಿಬಿಟ್ಟರು: "ಓಗ್ಲಿ ಬುಡಿ, ಆಗಿದ್ದಾಯ್ತು. ನನ್ ಸೊಸೆ ತವರಿಗ್ ಬರ್ಬೇಕು ಅಂದ್ರೆ ನೀವು ಎರಡ್ನೇ ಮೈಲಿಗಲ್ ತಾವ ಬಂದು ನಮ್ಮನ್ನ ಎದುರುಗೊಳ್ಳಿ. ಅಲ್ಲೀಗಂಟ ಅವಳು ಆ ಕಲ್ ದಾಟಾಕಿಲ್ಲ."

ಅಪ್ಪ ಚಾವಟಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, "ನಾನು ಸುಂಕದ ಕಟ್ಟೆ ದಾಟಾಕಿಲ್ಲ" ಎಂದ.

ದಿನಾ ದಾಟುತ್ತಿದ್ದ ಮನುಷ್ಯ! ಬೆಟ್ಟದ ತಪ್ಪಲಿಗೆ, ಬಿಳಿ ಅರಮನೆಯ ಬಾಗಿಲಿಗೆ, ಅದರಾಚೆಗೂ ಗಿರಾಕಿ ಕೂರಿಸಿಕೊಂಡು ಹೋಗುತ್ತಿದ್ದ. ಬಾಡಿಗೆಗೆ ದಾಟುತ್ತಿದ್ದ, ಬೀಗತನಕ್ಕೆ ಮಾತ್ರ ದಾಟಲಿಲ್ಲ. ಎರಡನೇ ಮೈಲಿಗಲ್ಲು ಬಂದಾಗ ಮುಖ ಆ ಕಡೆ ತಿರುಗಿಸುತ್ತಿದ್ದನಂತೆ. ಕುದುರೆಯೂ ತಿರುಗಿಸುವುದನ್ನು ಕಲಿತಿದೆ ಎಂದು ನಾನು ಬೀದಿಯಲ್ಲಿ ಸುದ್ದಿ ಹಬ್ಬಿಸಿದ್ದೆ.

ಮರುವಳಿಗೆ ಅಕ್ಕ ಬರಲಿಲ್ಲ. ಹೊಸ ಮದುಮಕ್ಕಳು ತವರಿಗೆ ಬಂದು ಉಂಡು ಹೋಗುವ ಆ ದಿನಕ್ಕೆಂದು ಅವ್ವ ಮಾಡಿಟ್ಟ ಕಜ್ಜಾಯವನ್ನು ನಾನೇ ತಿಂದು ಮುಗಿಸಿದೆ. ಗೌರಿಹಬ್ಬಕ್ಕೆ ಬರಲಿಲ್ಲ. ಮೊದಲ ಹೆರಿಗೆಗೂ ಬರಲಿಲ್ಲ. ಭಾವ ಒಳ್ಳೆಯವನು, ಆದರೆ ಅವರಪ್ಪನ ಎದುರಿಗೆ ಅವನ ದನಿ ಎಷ್ಟು ಸಣ್ಣದೆಂದರೆ ಅಣಕ ಮಾಡುವುದಕ್ಕೂ ನನ್ನ ಕೈಗೆ ಸಿಕ್ಕುತ್ತಿರಲಿಲ್ಲ. ಬೀಗರು ಕರೆಯದೆ ಅವ್ವ ಅವರ ಮನೆಗೆ ಹೋಗುವ ಹಾಗಿಲ್ಲ. ಉಳಿದವನು ನಾನು. ನನ್ನನ್ನು ಯಾರೂ ತವರು ಎಂದು ಲೆಕ್ಕಕ್ಕೆ ಹಿಡಿಯಲಿಲ್ಲ. "ಆ ಕೋತಿ ಬಂದ್ರೆ ಬರ್ಲಿ" ಎಂದಿದ್ದರಂತೆ ಅಕ್ಕನ ಮಾವ.

ಕೋತಿ ಸಂತೇಪೇಟೆಯ ಬಟ್ಟೆಯಂಗಡಿಯಲ್ಲಿ ಗಜಕೋಲು ಹಿಡಿದು ಬದುಕುತ್ತಿತ್ತು. ರಜ ಸಿಕ್ಕಿದ ದಿನ ಬಸ್ಸು ಹತ್ತುತ್ತಿತ್ತು. ಅಷ್ಟು ಹೊತ್ತಿಗೆ ಇದ್ದಿಲ ಬಸ್ಸು ಹೋಗಿ ಡೀಸೆಲ್ ಬಸ್ಸು ಬಂದಿತ್ತು. ಕೆಮ್ಮು ಹೋಗಿ ಗೊರಕೆ ಬಂದಿತ್ತು. ರಸ್ತೆ ಇನ್ನೂ ಕೆಂಪು ಜಲ್ಲಿಯದು. ಎರಡೂ ಬದಿಗೆ ಹುಣಸೆ, ಹೊಂಗೆ, ಬೇವು. ಮೇಲೆ ಅವು ಕೈಕೈ ಹಿಡಿದುಕೊಂಡಿದ್ದರಿಂದ ವರುಣದ ಕೆರೆಯ ತನಕ ನೆರಳಲ್ಲೇ ಹೋಗಬಹುದಿತ್ತು. ಕೆರೆ ಬಂತೆಂದರೆ ಬಸ್ಸಿನೊಳಗೆ ಒಮ್ಮೆಗೇ ಬೆಳಕು, ತಣ್ಣನೆ ಗಾಳಿ, ಕೊಕ್ಕರೆಗಳು. ಡ್ರೈವರು ಅಲ್ಲಿ ಬೀಡಿ ಹಚ್ಚುತ್ತಿದ್ದ. ಸುಣ್ಣ ಹೊಡೆದ ಮೈಲಿಗಲ್ಲುಗಳು ಕಪ್ಪು ಅಂಕಿ ಬರೆಸಿಕೊಂಡು ಪ್ರತಿ ಮೈಲಿಗೂ ಹಾಜರಿ ಹಾಕುತ್ತಿದ್ದವು. ನಡುನಡುವೆ ಫರ್ಲಾಂಗಿನ ಕುಳ್ಳಗಲ್ಲುಗಳು, ಅವುಗಳ ಮಕ್ಕಳ ಹಾಗೆ. ಎರಡನೆಯದನ್ನು ದಾಟುವಾಗ ನಾನು ಒಂದು ಸಲ ನಾಲಗೆ ಚಾಚುತ್ತಿದ್ದೆ.

ಅಕ್ಕನ ಮನೆಯಲ್ಲಿ ನನ್ನ ಕೆಲಸ ಉಣ್ಣುವುದಲ್ಲ, ನಜರ್‌ಬಾದನ್ನು ಅಲ್ಲಿಗೆ ತಂದು ಸುರಿಯುವುದು. ಹಿತ್ತಿಲಲ್ಲಿ ಅವಳು ರಾಗಿ ಬೀಸುತ್ತ ಕೂರುತ್ತಿದ್ದಳು. "ಅಪ್ಪನ್ನ ಮಾಡೋ" ಎನ್ನುತ್ತಿದ್ದಳು. ನಾನು ಅಪ್ಪನಾಗಿ ಕುದುರೆಯನ್ನು "ಹೊರಡೋಣ್ವಾ ಸ್ವಾಮಿ?" ಎಂದು ಕೇಳುತ್ತಿದ್ದೆ, ಕುದುರೆಯಾಗಿ ಮೂಗಿನಲ್ಲಿ ಉತ್ತರ ಕೊಡುತ್ತಿದ್ದೆ. ಸೊಪ್ಪಿನವಳನ್ನು ಮಾಡುತ್ತಿದ್ದೆ, ಪಕ್ಕದ ಮನೆಯ ಜಗಳವನ್ನು ಎರಡೂ ಕಡೆಯಿಂದ ಆಡುತ್ತಿದ್ದೆ. ಅವಳು ಬೀಸುಕಲ್ಲು ನಿಲ್ಲಿಸಿ ನಗುತ್ತಿದ್ದಳು. ಎಲ್ಲ ಮುಗಿದ ಮೇಲೆ, ಬೇರೆ ಕಡೆ ನೋಡುತ್ತ, "ಅವ್ವನ್ನೂ ಒಸಿ ಮಾಡು" ಎನ್ನುತ್ತಿದ್ದಳು. ಆಗ ನಾನು "ಬಂದೇ ಕಣಮ್ಮಿ" ಎನ್ನುತ್ತಿದ್ದೆ. ಅದಕ್ಕೆ ಅವಳು ನಗುತ್ತಿರಲಿಲ್ಲ. ಕಲ್ಲು ಮತ್ತೆ ತಿರುಗುತ್ತಿತ್ತು.

ಹೋಗುವಾಗ ಅವ್ವನ ಅಂಟಿನುಂಡೆ, ಬಾಣಂತಿಯ ಮೆಣಸಿನಪುಡಿ, ಕೂಸಿಗೆ ಕುಲಾವಿ ಒಯ್ಯುತ್ತಿದ್ದೆ. ಬರುವಾಗ ಅವರ ಮನೆಯ ಅವರೆಕಾಯಿ, ಬೆಲ್ಲ, ಮತ್ತೆ ನನ್ನ ಗಂಟಲಲ್ಲಿ ಅಕ್ಕ.

ಮೊದಲ ಸಲ ಅದನ್ನು ತಮಾಷೆಗೆಂದೇ ಮಾಡಿದ್ದು. ಬಸ್ಸಿಳಿದು ಬಂದವನು ಹೊಸ್ತಿಲಲ್ಲಿ ನಿಂತು ಅಕ್ಕನ ಹಾಗೆ "ಅವ್ವಾ" ಎಂದೆ. ಒಳಗಿನಿಂದ "ಬಂದೇ ಕಣಮ್ಮಿ" ಎಂದು ಉತ್ತರ ಬಂತು. ಹಿಂದೆಯೇ ಅವ್ವ ಬಂದಳು, ಸೆರಗಿಗೆ ಕೈ ಒರೆಸಿಕೊಳ್ಳುತ್ತ, ಬೇಗ ಬೇಗ. ನನ್ನನ್ನು ನೋಡಿದಳು. ನನ್ನ ಬೆನ್ನ ಹಿಂದೆ ಬೀದಿಯನ್ನೂ ನೋಡಿದಳು.

"ಇನ್ನೊಂದ್ ಸಲ ಇಂಗ್ ಮಾಡೀಯೆ ಅಂದ್ರೆ ಸೌಟಲ್ ಬಡೀತೀನಿ" ಎಂದು ಒಳಗೆ ಹೋದಳು.

ಆ ರಾತ್ರಿ ನನಗೆ ಮುದ್ದೆ ಎರಡು ಬಿದ್ದವು. ವಾರ ಕಳೆದ ಮೇಲೆ, ನಾನು ಊಟಕ್ಕೆ ಕೂತಾಗ, ಸಾರು ಬಡಿಸುತ್ತ ಅವ್ವ ಅಂದಳು: "ಅವತ್ತು ಮಾಡಿದ್ಯಲ್ಲ. ಅದುನ್ನ ಮಾಡು."

ಅಲ್ಲಿಂದ ಅದೊಂದು ವಾಡಿಕೆಯಾಯಿತು. ಸಂಜೆ ಅಪ್ಪ ಮನೆಗೆ ಬರುವುದಕ್ಕೆ ಮುಂಚೆ, ನಾನು ಹೊಸ್ತಿಲಿಗೆ ಹೋಗಿ ನಿಂತು ಕರೆಯುವುದು. ಅವ್ವ ಒಳಗೇ ಕೂತು "ಬಂದೇ ಕಣಮ್ಮಿ" ಎನ್ನುವುದು, ಏಳದೆ. ಅಷ್ಟೇ. ಅಪ್ಪನಿಗೆ ಗೊತ್ತಿರಲಿಲ್ಲವೆಂದು ನಾವಂದುಕೊಂಡಿದ್ದೆವು. ಒಂದು ಸಂಜೆ ಅವನು ಬೇಗನೆ ಬಂದು ಕೊಟ್ಟಿಗೆಯಲ್ಲಿ ಕುದುರೆಗೆ ಮಾಲೀಸು ಮಾಡುತ್ತಿದ್ದ. ನಾನು ಕರೆದದ್ದೇ ತಡ, ಮಾಲೀಸಿನ ಸದ್ದು ನಿಂತಿತು.

ಸಂಧಾನವನ್ನೂ ಮಾಡಿ ನೋಡಿದೆ. ಕಟ್ಟೆಗೂ ಕಲ್ಲಿಗೂ ಸರಿಯಾಗಿ ನಡುವೆ ಒಂದು ಫರ್ಲಾಂಗು ಕಲ್ಲಿದೆ, ಇಬ್ಬರೂ ಅಲ್ಲಿಗೆ ಬಂದರೆ ಯಾರ ಮೀಸೆಯೂ ಮಣ್ಣಾಗುವುದಿಲ್ಲ ಎಂದೆ. "ಆ ಮೋಟು ಕಲ್ಲಿನ್ ತಾವ್ಕಾ?" ಎಂದ ಅಪ್ಪ. ಅತ್ತ ಅಕ್ಕನ ಮಾವನೂ "ಆ ಮೋಟು ಕಲ್ಲಿನ್ ತಾವ್ಕಾ?" ಎಂದರು. ಅದೇ ಮಾತು, ಅದೇ ಮೂಗು. ಇಬ್ಬರನ್ನೂ ಅಣಕ ಮಾಡುವುದಕ್ಕೆ ನನಗೆ ಒಂದೇ ಗಂಟಲು ಸಾಕಾಗುತ್ತಿತ್ತು.

ವರ್ಷಗಳು ಹೋದವು. ಅಕ್ಕನಿಗೆ ಎರಡನೆಯದೂ ಆಯಿತು. ಹೊಲದಾಚೆಯಿಂದ ಆಳುಗಳನ್ನು ಕೂಗಿ ಕೂಗಿ, ಎತ್ತುಗಳಿಗೆ ಗದರಿ, ಒಲೆ ಊದಿ, ಅವಳ ದನಿ ಒರಟಾಯಿತು, ಒಂದು ಮೆಟ್ಟಿಲು ಕೆಳಗಿಳಿಯಿತು. ಮಾತು ಚುಟುಕಾಯಿತು. ಇದು ನನ್ನ ಕಿವಿಗೆ ತಪ್ಪಲಿಲ್ಲ. ಅದೊಂದೇ ನನಗೆ ದೇವರು ಕೊಟ್ಟ ವಿದ್ಯೆ. ಆದರೂ ಮನೆಗೆ ಬಂದು ಹೊಸ್ತಿಲಲ್ಲಿ ನಿಂತರೆ ನಾನು ಕರೆಯುತ್ತಿದ್ದುದು ಮದುವೆಗೆ ಮುಂಚಿನ ದನಿಯಲ್ಲೇ. ಅವ್ವನಿಗೆ ಗೊತ್ತಿದ್ದುದು ಅದು. ಹೊಸದನ್ನು ಹೇಗೆ ಮಾಡಲಿ? ಯಾರೋ ಬಂದಿದ್ದಾರೆ ಅಂದುಕೊಂಡಾಳು.

ಅಷ್ಟರಲ್ಲಿ ನಮ್ಮ ಬಡಪಾಯಿ ರಸ್ತೆಗೆ ಶುಕ್ರದೆಸೆ ತಿರುಗಿತು. ಇನ್ನು ಮುಂದೆ ಇದು ರಾಜ್ಯ ಹೆದ್ದಾರಿ ಎಂದು ಹಲಗೆ ನೆಟ್ಟರು. "ನನ್ ಕುದುರೆಗೆ ಏಳ್ಬೇಡ್ರಪ್ಪ, ಜಾಸ್ತಿ ಹುರುಳಿ ಕೇಳ್ಬುಟ್ಟಾತು" ಎಂದ ಅಪ್ಪ. ಟಾರು ಡ್ರಮ್ಮುಗಳು ಬಂದವು, ರೋಲರು ಬಂತು. ಅಗಲ ಮಾಡಬೇಕೆಂದು ಒಂದು ಬದಿಯ ಮರಗಳನ್ನು ಕಡಿದರು. ಕೆರೆಯ ತನಕ ಇದ್ದ ನೆರಳು ಅರ್ಧಕ್ಕೆ ಹರಿಯಿತು. ಎರಡನೇ ಮೈಲಿಯ ಹುಣಸೆಮರವೂ ಹೋಯಿತು. ಹಿಂದೆಯೇ ದೇಶದಲ್ಲಿ ಮೈಲಿಯೇ ಹೋಗಿ ಕಿಲೋಮೀಟರು ಬಂತು. ಗಜಕೋಲು ಹೋಗಿ ನನ್ನ ಕೈಗೆ ಮೀಟರುಕೋಲು ಬಂತು. ರಸ್ತೆಯಲ್ಲಿ ಕೂಲಿಯವರು ಹಾರೆ ಹಾಕಿ ಮೈಲಿಗಲ್ಲುಗಳನ್ನು ಒಂದೊಂದಾಗಿ ಮೀಟಿ ಉರುಳಿಸಿದರು. ಹೊಸ ಕಲ್ಲುಗಳು ಬೇರೆ ಜಾಗದಲ್ಲಿ ನಿಂತವು. ಬಸ್ಸಿನ ಕಿಟಕಿಯಿಂದ ನೋಡಿದೆ: ಎರಡನೆಯದು ಚರಂಡಿಯ ಬದಿಯಲ್ಲಿ ಅಂಗಾತ ಮಲಗಿತ್ತು. ನಾಲಗೆ ಚಾಚುವುದಕ್ಕೆ ಮನಸ್ಸು ಬರಲಿಲ್ಲ.

ನನಗೆ ಬೇರೆಯೇ ಹೆದರಿಕೆ. ಕಲ್ಲು ಇದ್ದಾಗ ಅಪ್ಪ ಯಾವತ್ತಾದರೂ ಅಲ್ಲಿಗೆ ಹೋಗಬಹುದಿತ್ತು. ಈಗ ಹೋಗಬೇಕೆಂದರೂ ಎಲ್ಲಿಗೆ ಹೋಗುವುದು?

ಬೆಲ್ಲ ಮಾರಲು ಮೈಸೂರಿಗೆ ಬರುತ್ತಿದ್ದ ಅಕ್ಕನ ಮಾವನೂ ಅದನ್ನು ಕಂಡರಂತೆ. ಗಾಡಿ ನಿಲ್ಲಿಸಿ ಇಳಿದು, ಬಿದ್ದ ಕಲ್ಲಿನ ಮೇಲೆಯೇ ಕೂತು ಎಲೆಯಡಿಕೆ ಹಾಕಿಕೊಂಡು, ತುಂಬ ಹೊತ್ತಿನ ಮೇಲೆ ಎದ್ದರಂತೆ. ಇದನ್ನೆಲ್ಲ ಭಾವ ಆಮೇಲೆ ಹೇಳಿದ್ದು. ಮನೆಗೆ ಹಿಂತಿರುಗಿ ಸೊಸೆಗೆ ಅಂದದ್ದು ಇಷ್ಟೇ: "ನಾಳೆ ಮಕ್ಳ ಬಟ್ಟೆ ಕಟ್ಕೊ."

ಮಾರನೆಯ ದಿನ ಭಾನುವಾರ. ಅಪ್ಪ ಮಧ್ಯಾಹ್ನದ ಹೊತ್ತು ಕುದುರೆಗೆ ನೀರು ಕುಡಿಸುತ್ತಿದ್ದ, ನಾನು ಜಗಲಿಯಲ್ಲಿ ಕೂತು ಅದನ್ನು ನೋಡುವ ಕೆಲಸ ಮಾಡುತ್ತಿದ್ದೆ. ಬೀದಿಯ ತಿರುವಿನಲ್ಲಿ ಎತ್ತಿನ ಗಾಡಿಯೊಂದು ನರಳುತ್ತ ಬಂತು. ಗಾಡಿಯ ನಡುವೆ ಹುಲ್ಲಿನ ಮೇಲೆ, ಬಾಣಂತಿಯನ್ನು ಮಲಗಿಸುವಷ್ಟು ಜೋಪಾನವಾಗಿ ಮಲಗಿಸಿದ್ದ ಆ ಕಲ್ಲು. ಅದರ ಒಂದು ಪಕ್ಕಕ್ಕೆ ಭಾವ, ಇನ್ನೊಂದು ಪಕ್ಕಕ್ಕೆ ಎರಡು ಮಕ್ಕಳನ್ನು ತಬ್ಬಿಕೊಂಡು ಅಕ್ಕ. ಮುಂದೆ, ಎತ್ತು ಹೊಡೆಯುತ್ತ ಮೂಕಿಯ ಮೇಲೆ ಅಕ್ಕನ ಮಾವ, ಮದುವೆಯ ದಿನದ್ದೇ ರುಮಾಲು.

ಸುಂಕದ ಕಟ್ಟೆಯಲ್ಲಿ ವಸೂಲಿಯವನು ತಡೆದು "ಏನ್ ಮಾಲು?" ಎಂದಿದ್ದನಂತೆ. "ಎರಡ್ ಮೈಲಿ" ಎಂದರಂತೆ ಇವರು. ಎರಡು ಮೈಲಿಗೆ ಸುಂಕ ಎಷ್ಟೆಂದು ಅವನಿಗೆ ಗೊತ್ತಾಗದೆ ಬಿಟ್ಟನಂತೆ.

ಬೀದಿಯವರೆಲ್ಲ ಹೊರಗೆ ಬಂದರು. ಭಾವನೂ ನಾಲ್ಕು ಜನವೂ ಸೇರಿ ಕಲ್ಲನ್ನಿಳಿಸಿ ನಮ್ಮ ಬಾಗಿಲ ಪಕ್ಕದಲ್ಲಿ ಆನಿಸಿ ನಿಲ್ಲಿಸಿದರು. ಸುಣ್ಣ ಉದುರಿದ್ದರೂ ಅಂಕಿ ಕಾಣುತ್ತಿತ್ತು. ಮಾವ ಅದರ ಪಕ್ಕ ಹೋಗಿ ನಿಂತು ರುಮಾಲು ಸರಿಮಾಡಿಕೊಂಡರು.

"ನಾವು ಎರಡ್ನೇ ಮೈಲಿಗಲ್ ತಾವ್ಲೇ ನಿಂತಿದ್ದೀವಿ" ಎಂದರು. "ಎದುರುಗೊಳ್ಳಂಗಿದ್ರೆ ಎದುರುಗೊಳ್ಳಿ."

ಅಪ್ಪ ಬಕೀಟು ಕೆಳಗಿಟ್ಟ. ಅವರನ್ನು ನೋಡಿದ, ಕಲ್ಲನ್ನು ನೋಡಿದ, ರಸ್ತೆಯ ಆ ತುದಿಯನ್ನೊಮ್ಮೆ ನೋಡಿದ. "ನಾನೂ ಕಟ್ಟೆ ದಾಟಿಲ್ಲ, ಎಲ್ಲಾರೂ ನೋಡ್ಕೊಳ್ಳಿ" ಎಂದು ಬೀದಿಗೆ ಕೇಳುವಂತೆ ಹೇಳಿ, ತಂಬಿಗೆಯಲ್ಲಿ ನೀರು ತರಲು ಹಂಡೆಯ ಹತ್ತಿರ ಓಡಿದ. ಅಪ್ಪ ಓಡಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಓಲಗವಿಲ್ಲ ಎಂದು ಯಾರೋ ಅಂದರು. ನಾನು ಮೂಗು ಹಿಡಿದು ಓಲಗವಾದೆ.

ಅಕ್ಕ ಯಾವುದನ್ನೂ ಕಾಯಲಿಲ್ಲ. ಮಕ್ಕಳನ್ನು ಭಾವನ ಕೈಗೆ ಕೊಟ್ಟು ಹೊಸ್ತಿಲಿಗೆ ಹೋಗಿ, ಚೌಕಟ್ಟು ಹಿಡಿದು, "ಅವ್ವಾ" ಎಂದಳು.

ಒಳಗೆ ಒರಳಿನ ಸದ್ದು. ಅವ್ವನಿಗೆ ಬೀದಿಯ ಗದ್ದಲ ಕೇಳಿಸಿರಲಿಲ್ಲ. ಸದ್ದು ನಿಲ್ಲಿಸದೆಯೇ ಅವಳೆಂದಳು:

"ಲೋ, ಇವತ್ ಯಾಕೋ ಸರ್ಯಾಗ್ ಬರ್ನಿಲ್ಲ ಕಣೋ ನಿಂಗೆ."

ನನ್ನ ಓಲಗ ನಿಂತುಹೋಯಿತು. ಅಕ್ಕ ತಿರುಗಿ ನನ್ನನ್ನು ನೋಡಿದಳು. ಹೊಸ್ತಿಲಲ್ಲಿ ನಾನು ಮಾಡುತ್ತಿದ್ದುದನ್ನು ಅವಳಿಗೆ ಯಾವತ್ತೂ ಹೇಳಿರಲಿಲ್ಲ. ಹೇಳದೆಯೇ ಅವಳಿಗೆ ತಿಳಿಯಿತೆಂದು ಕಾಣುತ್ತದೆ. ಮತ್ತೆ ಒಳಕ್ಕೆ ತಿರುಗಿ, "ಅವ್ವಾ" ಎಂದಳು, ಇನ್ನೂ ಒರಟಾಗಿ.

"ಅಂಗಲ್ಲ ಕಣೋ. ಕೊನೇಲಿ ಎಳೀಬೇಕು. ಅವ್ಳು ಎಳೀತಿದ್ಲು."

ಅಕ್ಕ ಎಳೆಯಲು ನೋಡಿದಳು. ಅರ್ಧದಲ್ಲೇ ದನಿ ಒಡೆದು ಅಳುವಾಯಿತು. ಒರಳು ನಿಂತಿತು. ನನಗೆ ಎಲ್ಲ ದನಿಯೂ ಬರುತ್ತದೆ, ಅಳು ಮಾತ್ರ ಬರುವುದಿಲ್ಲವೆಂದು ಅವ್ವನಿಗೆ ಗೊತ್ತಿತ್ತು. ಹಿಟ್ಟಿನ ಕೈಯಲ್ಲೇ ಬಂದಳು. ಅವ್ವ ಅಕ್ಕನ ಮುಖವನ್ನೆಲ್ಲ ಹಿಟ್ಟು ಮಾಡಿದಳು.

ಕಲ್ಲು ಈಗಲೂ ನಮ್ಮ ಬಾಗಿಲಲ್ಲಿದೆ. ಅಪ್ಪನ ಜಟಕಾ ನಿಂತಿತು. ಆಟೋರಿಕ್ಷಾಗಳ ನಡುವೆ ಕುದುರೆಗೆ ನಾಚಿಕೆಯಾಗುತ್ತದಂತೆ. ಸಂಜೆ ಅವನು ಆ ಕಲ್ಲಿನ ಮೇಲೆ ಕೂತಿರುತ್ತಾನೆ. ಅಕ್ಕ ಪ್ರತಿ ಗೌರಿಗೂ ಬರುತ್ತಾಳೆ. ಹೊಸ ದನಿಯಲ್ಲೇ ಕರೆಯುತ್ತಾಳೆ, ಅವ್ವನಿಗೆ ಅದು ರೂಢಿಯಾಗಿದೆ. ನನ್ನನ್ನು ಮಾತ್ರ ಅವ್ವ ಮತ್ತೆ ಹೊಸ್ತಿಲಿಗೆ ಕಳಿಸಲಿಲ್ಲ. ನಾನೂ ಕೇಳಲಿಲ್ಲ. ಹೀಗಾಗಿ ಮದುವೆಗೆ ಮುಂಚಿನ ಆ ಹುಡುಗಿ ಈಗ ಯಾರ ಮನೆಯಲ್ಲೂ ಇಲ್ಲ, ನನ್ನ ಗಂಟಲಲ್ಲಿ ಬಾಡಿಗೆ ಕೊಡದೆ ಇದ್ದಾಳೆ.

ಮೊನ್ನೆ ಅಕ್ಕನ ಊರಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಕಪ್ಪು ರಸ್ತೆ, ನುಣ್ಣಗೆ. ಕೆರೆ ಬಂದದ್ದೂ ಹೋದದ್ದೂ ತಿಳಿಯಲಿಲ್ಲ, ಡ್ರೈವರಿಗೆ ಬೀಡಿ ಹಚ್ಚಲು ಪುರುಸೊತ್ತಿಲ್ಲ. ಹುಣಸೆಮರವಿದ್ದ ಕಡೆ ಏನೂ ಇರಲಿಲ್ಲ, ಆದರೂ ಜಾಗ ನನಗೆ ಗೊತ್ತು. ಇಂಜಿನಿನ ಗೊರಕೆಯಲ್ಲಿ ಯಾರಿಗೆ ಕೇಳಿಸೀತು ಎಂದುಕೊಂಡು, ಕಿಟಕಿಯ ಕಡೆ ಮುಖ ಮಾಡಿ, ಕೊನೆಯಲ್ಲಿ ಎಳೆದು ಒಂದು ಸಲ "ಅವ್ವಾ" ಎಂದೆ.

ಕಂಡಕ್ಟರು ಸೀಟಿ ಊದಿಯೇಬಿಟ್ಟ. ಬಸ್ಸು ನಿಂತಿತು.

"ಯಾರಮ್ಮ ಅದು ಕೂಗಿದ್ದು? ಇಲ್ಲೇ ಇಳೀಬೇಕಾ?" ಎಂದು ಹೆಂಗಸರ ಸೀಟುಗಳ ಕಡೆ ನೋಡಿದ. ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಯಾರೂ ಏಳಲಿಲ್ಲ. ಅವನು ಬಾಗಿಲು ತೆರೆದು ಹಿಡಿದುಕೊಂಡು ಸ್ವಲ್ಪ ಹೊತ್ತು ಕಾದ. ನಾನೂ ಕಾದೆ.

ಆಮೇಲೆ ಅವನು ಬಾಗಿಲು ಎಳೆದುಕೊಂಡು "ರೈಟ್" ಎಂದ.